ಒಂದೇ ಮನೆಯಲ್ಲಿ ದೊಡ್ಡ ಜಾತಿಯ ಮತ್ತು ಸಣ್ಣ ಜಾತಿಯ ನಾಯಿಮರಿಗಳ ಸಾಕಣೆ

ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ಸಾಗುವಳಿಯ ಭೂಮಿಯು ಸಮುದ್ರಕ್ಕೂ ಸಹ್ಯಾದ್ರಿಯ ಅಡವಿಗೂ ನಡುವೆ ಇಕ್ಕಟ್ಟಾಗಿ ಹಬ್ಬಿಕೊಂಡಿದೆ. ಭತ್ತವು ತೆನೆಗೂಡುವ ಕಾಲಕ್ಕೆ ಕಾಡುಹಂದಿಗಳೂ, ತೆಂಗು ಬಾಳೆಗಳ ತೋಟದಲ್ಲಿ ಮಂಗಗಳೂ ಉಪದ್ರವ ಕೊಡುವುದರಿಂದ ಬೇಸಾಯಗಾರನಿಗೆ ಒಳ್ಳೆಯ ನಾಯಿಯ ಸಹಾಯವು ಅವಶ್ಯವಾಗಿರುತ್ತದೆ. ಗದ್ದೆ ತೋಟಗಳ ಕಾವಲಿಗೆ ಮುಧೋಳ ಜಾತಿಯಂಥ ದೊಡ್ಡ ಮರಿಯೊಂದನ್ನೂ, ಮನೆಬಾಗಿಲಿನ ಎಚ್ಚರಿಕೆಗೆ ಪೊಮೆರೇನಿಯನ್ ಮೊದಲಾದ ಸಣ್ಣ ಮರಿಯೊಂದನ್ನೂ ಒಂದೇ ಕಾಲಕ್ಕೆ ತಂದು ಸಾಕಬಯಸುವ ಭೂಮಾಲಕರಿಗೆ ಈ ಲೇಖನವು ಉಪಯುಕ್ತವಾದೀತು.

ಇಂಥ ಜೋಡಿಯಲ್ಲಿ ಸಣ್ಣ ಮರಿಗೆ ಕೇಡಾಗುವುದು ದೊಡ್ಡದರ ದ್ವೇಷದಿಂದಲ್ಲ. ಅದರ ಭಾರದಿಂದ, ಓಟದ ಚಟದಿಂದ ಮತ್ತು ಹಸಿವಿನಿಂದ. ಒತ್ತಾಗಿ ಬಿತ್ತಿದ ಅಗೆಯಲ್ಲಿ ಬಲವಾದ ಸಸಿಗೆ ಎಳೆಯ ಸಸಿಯ ಮೇಲೆ ಹಗೆಯಿರುವುದಿಲ್ಲ. ಆದರೂ ಎಳೆಯದು ಬಡವಾಗುತ್ತದೆ. ಒಕ್ಕಲಿಗನು ಸಸಿಯನ್ನು ಬೈಯದೆ ಅಂತರ ಬಿಟ್ಟು ನೆಡುತ್ತಾನೆ. ನಾಯಿಮರಿಗಳ ವಿಷಯದಲ್ಲಿಯೂ ಗದರಿಕೆ ಹೊಡೆತಗಳಿಂದ ಪ್ರಯೋಜನವಿಲ್ಲ. ಸ್ಥಳ, ಆಹಾರ, ಆಟ ಇವುಗಳ ಏರ್ಪಾಡೇ ಪರಿಹಾರವು.

ಸ್ವಭಾವ ಭೇದ

ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯು ಉದ್ದ ಕಾಲಿನ, ತೆಳು ಮೈಯ ಬೇಟೆಯ ಜಾತಿಯದು. ಭಾರತೀಯ ಅಂಚೆ ಇಲಾಖೆಯು 2005 ರಲ್ಲಿ ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಪೂರ್ಣ ಬೆಳೆದ ಗಂಡು ಸುಮಾರು 70 ಸೆಂಟಿಮೀಟರು ಎತ್ತರವಾಗಿ 22 ರಿಂದ 28 ಕಿಲೋ ತೂಗುತ್ತದೆ. ಇದು ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆ ಹಿಡಿಯುವುದು. ಓಡುವ ಸಣ್ಣ ವಸ್ತುವನ್ನು ಕಂಡೊಡನೆ ಬೆನ್ನಟ್ಟುವುದು ಇದರ ಹುಟ್ಟುಗುಣ. ಹೆದರಿ ಓಡುವ ಸಣ್ಣ ಮರಿಯೂ ಇದರ ಕಣ್ಣಿಗೆ ಮೊಲದಂತೆಯೇ ತೋರಬಹುದು.

ಸಣ್ಣ ಜಾತಿಯ ಮರಿಯ ಮುಂಗಾಲಿನ ಎಲುಬು ಬಹಳ ತೆಳುವಾದುದು. ಜಗಲಿಯಿಂದ ಕೆಳಗೆ ಹಾರಿದರೂ ಮುರಿಯಬಹುದು. ಕೆಲವು ಮರಿಗಳಲ್ಲಿ ನೆತ್ತಿಯು ತಿಂಗಳುಗಟ್ಟಲೆ ಕೂಡಿಕೊಳ್ಳದೆ ಮೆತ್ತಗಿರುತ್ತದೆ. ದೊಡ್ಡ ಮರಿಯು ಸಲಿಗೆಯಿಂದ ಮೇಲೆ ಬಿದ್ದರೂ ಇಂಥದಕ್ಕೆ ಪ್ರಾಣಾಪಾಯವುಂಟು.

ಎಂಟು ವಾರ ತುಂಬುವ ಮೊದಲು ಯಾವ ಮರಿಯನ್ನೂ ತಾಯಿಯಿಂದ ಅಗಲಿಸಕೂಡದು. ಕಚ್ಚಿದರೆ ಎದುರಿನದಕ್ಕೆ ನೋವಾಗುವುದೆಂಬ ಪಾಠವನ್ನು ಮರಿಯು ತಾಯಿಯಿಂದಲೂ ಒಡಹುಟ್ಟಿದ ಮರಿಗಳಿಂದಲೂ ಆ ಅವಧಿಯಲ್ಲಿಯೇ ಕಲಿಯುವುದು.

ಸ್ಥಳದ ಏರ್ಪಾಡು

ಸಣ್ಣ ಮರಿಗೆ ತಾನು ಮಾತ್ರ ನುಸುಳಬಲ್ಲ ಒಂದು ಆಶ್ರಯ ಬೇಕು. ಹಳೆಯ ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ಚಿಕ್ಕ ಬಾಯಿ ಕೊರೆದರೆ ಸಾಕು. ಇಲ್ಲವೆ ಪಡಸಾಲೆಯ ಮೂಲೆಗೆ ಬಿದಿರು ತಟ್ಟಿಯನ್ನು ಕಟ್ಟಿ ಅದರ ಬುಡದಲ್ಲಿ ಸಂದು ಬಿಡಬಹುದು. ದೊಡ್ಡ ಮರಿಯು ಬೆಳೆದಂತೆ ತಟ್ಟಿಯ ಎತ್ತರವನ್ನೂ ಹೆಚ್ಚಿಸತಕ್ಕದ್ದು. ಮನೆಯಲ್ಲಿ ಆಳುಕಾಳುಗಳಾರೂ ಇಲ್ಲದ ವೇಳೆಯಲ್ಲಿ ಎರಡನ್ನೂ ಒಟ್ಟಿಗೆ ಬಿಡಕೂಡದು. ನುಣುಪಾದ ನೆಲದ ಮೇಲೆ ಗೋಣಿಚೀಲ ಹಾಸಿದರೆ ಮರಿಗಳ ಕಾಲು ಜಾರುವುದಿಲ್ಲ.

ಅಡವಿಯ ಅಂಚಿನ ಗ್ರಾಮಗಳಲ್ಲಿ ಚಿರತೆಯು ನಾಯಿಗಳನ್ನು ಹೊತ್ತೊಯ್ಯುವುದರಿಂದ ರಾತ್ರಿ ಎರಡೂ ಮರಿಗಳನ್ನು ಬಾಗಿಲೊಳಗೇ ಮಲಗಿಸುವುದು ಲೇಸು. ಅಂಗಳದಲ್ಲಿ ಕಟ್ಟಿಹಾಕಿದ ಮರಿಗೆ ಓಡುವ ಉಪಾಯವೂ ಇರುವುದಿಲ್ಲ.

ಆಹಾರ

ಎರಡು ಮರಿಗಳಿಗೆ ಎರಡು ತಟ್ಟೆ, ಎರಡು ಸ್ಥಳ. ಒಂದೇ ತಟ್ಟೆಯಲ್ಲಿ ಬಡಿಸಿದರೆ ದೊಡ್ಡದು ಅಜೀರ್ಣದಿಂದಲೂ ಸಣ್ಣದು ಉಪವಾಸದಿಂದಲೂ ಕೆಡುವವು. ಉಂಡು ಉಳಿದುದನ್ನು ಕೂಡಲೇ ತೆಗೆದಿಡಬೇಕು. ಜಗಳ ಹುಟ್ಟುವುದು ಬಹುಶಃ ಅದರಿಂದಲೇ.

ಸಣ್ಣ ಮರಿಯ ದೇಹದಲ್ಲಿ ಸಕ್ಕರೆಯ ಸಂಗ್ರಹವು ಅತ್ಯಲ್ಪ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪಸ್ವಲ್ಪ ಉಣಿಸಬೇಕು. ಹೊತ್ತು ಮೀರಿದರೆ ಮರಿಯು ನಡುಗುತ್ತ, ತೂರಾಡುತ್ತ, ಮೈ ತಣ್ಣಗಾಗಿ ಬೀಳಬಹುದು. ಆಗ ಬೆಲ್ಲದ ನೀರನ್ನು ಅಥವಾ ಜೇನನ್ನು ವಸಡಿಗೆ ಸವರಿ, ಬೆಚ್ಚಗೆ ಸುತ್ತಿ, ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ಎಚ್ಚರ ತಪ್ಪಿದ ಮರಿಯ ಬಾಯಿಗೆ ಏನನ್ನೂ ಹೊಯ್ಯಕೂಡದು.

ದೊಡ್ಡ ಮರಿಗೆ ದಿನಕ್ಕೆ ಮೂರು ಊಟ ಸಾಕು. ಬೇಗ ದಪ್ಪವಾಗಲೆಂದು ಅತಿಯಾಗಿ ಉಣಿಸುವುದೂ, ವೈದ್ಯರ ಮಾತಿಲ್ಲದೆ ಸುಣ್ಣದ ಅಂಶವುಳ್ಳ ಔಷಧಗಳನ್ನು ಹಾಕುವುದೂ ಬೆಳೆಯುವ ಎಲುಬುಗಳನ್ನು ಸೊಟ್ಟಗೆ ಮಾಡುವವು.

ಬರಿಯ ಗಂಜಿಯಿಂದ ಯಾವ ಮರಿಯೂ ಬೆಳೆಯದು. ಅನ್ನದೊಡನೆ ಬೇಯಿಸಿದ ಮೊಟ್ಟೆ, ಮಾಂಸ ಅಥವಾ ಮುಳ್ಳು ತೆಗೆದು ಬೇಯಿಸಿದ ಮೀನು ಕೂಡಿರಬೇಕು. ಕರಾವಳಿಯಲ್ಲಿ ಮೀನು ಸುಲಭವಾಗಿ ದೊರೆಯುವುದಾದರೂ ಉಪ್ಪುಮೀನನ್ನು ಕೊಡಕೂಡದು. ಬೇಯಿಸಿದ ಕೋಳಿಯ ಎಲುಬು ಚೂಪಾಗಿ ಸೀಳಿ ಕರುಳನ್ನು ಚುಚ್ಚುವುದು. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತವನ್ನು ಕೆಡಿಸುವವು.

ಆಟ ಮತ್ತು ಶಿಕ್ಷಣ

ಎರಡನ್ನೂ ಸದಾ ಬೇರೆಬೇರೆಯಾಗಿಡುವುದು ಸರಿಯಲ್ಲ. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿಯು ಕಂಡು ಬಳಸಿದ ಪ್ರಾಣಿಗಳೊಡನೆ ಮುಂದೆ ನಿರ್ಭಯವಾಗಿ ಬಾಳುತ್ತದೆ. ಆದಕಾರಣ ದೊಡ್ಡದನ್ನು ಮೊದಲು ಗದ್ದೆಯ ಬದುವಿನ ಮೇಲೆ ಅಡ್ಡಾಡಿಸಿ, ಅದರ ಹುಮ್ಮಸ್ಸು ಇಳಿದ ಮೇಲೆ, ಯಜಮಾನನ ಕಣ್ಣೆದುರಿಗೆ ಐದು ಹತ್ತು ನಿಮಿಷ ಕೂಡಿ ಆಡಗೊಡಬೇಕು. ದೊಡ್ಡದರ ಕೊರಳಿಗೆ ಹಗುರವಾದ ಹಗ್ಗವಿದ್ದರೆ ತಡೆಯುವುದು ಸುಲಭ.

ಆಟವೋ ಪೀಡೆಯೋ ಎಂಬ ಸಂಶಯ ಬಂದರೆ ಒಂದು ಪರೀಕ್ಷೆಯುಂಟು. ದೊಡ್ಡ ಮರಿಯನ್ನು ಹಿಡಿದು ನಿಲ್ಲಿಸಿ ಸಣ್ಣದನ್ನು ನೋಡಬೇಕು. ಅದು ಬಾಲ ಅಲ್ಲಾಡಿಸುತ್ತ ತಾನಾಗಿ ಮರಳಿ ಬಂದರೆ ಆಟವೇ ಸರಿ. ಬಾಲ ಮುದುರಿ ಮೂಲೆ ಸೇರಿದರೆ ಆಟವನ್ನು ಅಲ್ಲಿಗೇ ಮುಗಿಸತಕ್ಕದ್ದು. ಪ್ರತಿಸಲವೂ ಸಣ್ಣದನ್ನು ಮೇಲಕ್ಕೆತ್ತಿಕೊಳ್ಳುವುದು ಒಳ್ಳೆಯದಲ್ಲ. ಎತ್ತಿದಷ್ಟೂ ದೊಡ್ಡದು ಹಾರಿ ಹಿಡಿಯಲು ಕಲಿಯುವುದು.

ಕೂರುವುದು, ಕರೆದಾಗ ಬರುವುದು, ಹಿಡಿದುದನ್ನು ಬಿಡುವುದು — ಈ ಮೂರನ್ನು ಪ್ರತಿಯೊಂದು ಮರಿಗೂ ಪ್ರತ್ಯೇಕವಾಗಿ ಕಲಿಸಬೇಕು. ಸದಾ ಜೊತೆಯಲ್ಲಿಯೇ ಬೆಳೆದ ಮರಿಗಳು ಒಂದರ ಮಾತನ್ನೊಂದು ಕೇಳುವವೇ ಹೊರತು ಯಜಮಾನನ ಮಾತನ್ನಲ್ಲ. ಬೆನ್ನಟ್ಟುವ ಜಾತಿಯ ನಾಯಿಯನ್ನು ಅಡವಿಯಲ್ಲಿ ಸ್ವೇಚ್ಛೆಯಾಗಿ ಬಿಡಲೂಕೂಡದು. ಕಾಡುಮೃಗಗಳ ಬೇಟೆಯು 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವು.

ಮಳೆಗಾಲ ಮತ್ತು ರೋಗಗಳು

ಜೂನಿನಿಂದ ಸೆಪ್ಟೆಂಬರಿನವರೆಗಿನ ಕರಾವಳಿಯ ಮಳೆಯಲ್ಲಿ ಪೊಮೆರೇನಿಯನ್ನಿನ ದಟ್ಟ ಕೂದಲು ಒಣಗದೆ ಚರ್ಮವು ಹುಣ್ಣಾಗುವುದು. ನಿತ್ಯವೂ ಒರಸಿ ಬಾಚಬೇಕು. ಮುಧೋಳದ ಮರಿಗೆ ಕೂದಲು ಗಿಡ್ಡವಾದ್ದರಿಂದ ಚಳಿ ತಾಗದಂತೆ ಒಣ ಹಾಸಿಗೆ ಬೇಕು. ಇಲಿಯ ಮೂತ್ರ ಬೆರೆತ ಗದ್ದೆಯ ನೀರಿನಿಂದ ಇಲಿಜ್ವರವು ನಾಯಿಗೂ ಮನುಷ್ಯರಿಗೂ ತಗಲುವುದು.

ಹೊಟ್ಟೆಹುಳುಗಳು ತಾಯಿಯ ಗರ್ಭದಿಂದಲೂ ಹಾಲಿನಿಂದಲೂ ಮರಿಗೆ ಬರುವವು. ಎರಡನೆಯ ವಾರದಿಂದ ಹದಿನೈದು ದಿನಗಳಿಗೊಮ್ಮೆ ಮೂರು ತಿಂಗಳವರೆಗೆ, ಅನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಔಷಧ ಕೊಡಬೇಕು. ಹಿಂದೆ ಲಾಡಿಹುಳುವಿಗೆ ಅಡಿಕೆಯ ಪುಡಿ ಹಾಕುತ್ತಿದ್ದರು. ಅದರಲ್ಲಿನ ಅರೆಕೋಲಿನ್ ಎಂಬ ಸತ್ವವು ಹುಳುವನ್ನು ಬೀಳಿಸುವುದಾದರೂ ಎಳೆಯ ಮರಿಗೆ ವಿಷಪ್ರಾಯವು. ಹುಳುವಿನ ಮತ್ತು ಉಣ್ಣಿಯ ಔಷಧಗಳನ್ನು ಆಯಾ ಮರಿಯನ್ನು ತೂಗಿಯೇ ಕೊಡತಕ್ಕದ್ದು. ದೊಡ್ಡದಕ್ಕೆ ಕೊಟ್ಟ ಪ್ರಮಾಣವನ್ನೇ ಸಣ್ಣದಕ್ಕೂ ಕೊಟ್ಟರೆ ಅದು ಸಾಯಬಹುದು. ದನಗಳಿಗೆ ಹಚ್ಚುವ ಉಣ್ಣಿಯ ಔಷಧವನ್ನು ಮರಿಗಳ ಮೇಲೆ ಪ್ರಯೋಗಿಸಲೇಕೂಡದು.

ಲಸಿಕೆಯ ಕ್ರಮ ಬೇರೆ. ಅದನ್ನು ತೂಕದಂತೆ ಕಡಿಮೆ ಮಾಡುವುದಿಲ್ಲ. ಸಣ್ಣ ಮರಿಗೂ ಪೂರ್ಣ ಪ್ರಮಾಣವೇ ಬೇಕು. ರಕ್ತಭೇದಿಯ ಪಾರ್ವೋ ರೋಗಕ್ಕೂ ಡಿಸ್ಟೆಂಪರ್ ರೋಗಕ್ಕೂ ಆರರಿಂದ ಎಂಟನೆಯ ವಾರದಲ್ಲಿ ಮೊದಲನೆಯ ಲಸಿಕೆ ಹಾಕಿಸಿ, ಹದಿನಾರನೆಯ ವಾರದವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ ಮರಳಿ ಹಾಕಿಸಬೇಕು. ತಾಯಿಯ ಹಾಲಿನಿಂದ ಬಂದ ರಕ್ಷಣೆಯು ಮೊದಲಿನ ಲಸಿಕೆಗಳನ್ನು ನಿಷ್ಫಲಗೊಳಿಸಬಹುದಾದ್ದರಿಂದ ಒಂದೇ ಸಲಕ್ಕೆ ನಿಲ್ಲಿಸಕೂಡದು. ಪಾರ್ವೋವಿನ ವಿಷಾಣುವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುವುದರಿಂದ ಆ ರೋಗದಿಂದ ಮರಿ ಸತ್ತ ಮನೆಗೆ ಬೇಗನೆ ಮತ್ತೊಂದನ್ನು ತರಬಾರದು.

ಮೂರನೆಯ ತಿಂಗಳಲ್ಲಿ ಹುಚ್ಚುನಾಯಿ ರೋಗದ ಲಸಿಕೆ ಅವಶ್ಯವು. ಅದನ್ನು ವರ್ಷಕ್ಕೊಮ್ಮೆ ಮರಳಿ ಹಾಕಿಸಬೇಕು. ಆಟದಲ್ಲಿ ಮರಿಯ ಹಲ್ಲು ಮಕ್ಕಳಿಗೆ ತಾಗಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆ ದಿನವೇ ಸರಕಾರಿ ಆಸ್ಪತ್ರೆಗೆ ಹೋಗತಕ್ಕದ್ದು. ರೋಗದ ಲಕ್ಷಣ ತೋರಿದ ಮೇಲೆ ಬದುಕುವ ಆಶೆಯಿಲ್ಲ.

ಗ್ರಾಮದ ಹಿರಿಯರ ಕರ್ತವ್ಯ

ಊರಿನ ನೂರಕ್ಕೆ 70 ನಾಯಿಗಳಿಗಾದರೂ ಲಸಿಕೆಯಾದಲ್ಲಿ ಈ ರೋಗದ ಹಬ್ಬುವಿಕೆಯು ನಿಲ್ಲುವುದೆಂದು ತಜ್ಞರ ಮತ. ಕಾರವಾರಕ್ಕೆ ನೆರೆಯಾದ ಗೋವೆಯಲ್ಲಿ ಕೆಲವು ವರ್ಷ ಬಿಡದೆ ಈ ಕ್ರಮವನ್ನು ನಡೆಸಿದ್ದರಿಂದ 2018 ರ ಅನಂತರದ ಮೂರು ವರ್ಷಗಳಲ್ಲಿ ಮನುಷ್ಯಮರಣವು ಸಂಭವಿಸಲಿಲ್ಲ. ಗ್ರಾಮದ ಮುಖ್ಯಸ್ಥರು ಪಶುವೈದ್ಯರೊಡನೆ ವಿಚಾರಿಸಿ, ಮಳೆ ಹಿಡಿಯುವ ಮೊದಲು ಒಂದು ದಿನವನ್ನು ಗೊತ್ತುಮಾಡಿ, ಸಾಕಿದ ನಾಯಿಗಳನ್ನೂ ಬೀದಿಯ ನಾಯಿಗಳನ್ನೂ ಲಸಿಕೆಗೆ ಒದಗಿಸುವಂತೆ ಏರ್ಪಡಿಸಬೇಕು. ಭೂಮಾಲಕರು ತಮ್ಮ ಎರಡು ಮರಿಗಳನ್ನು ಆ ದಿನ ಮೊದಲು ತಂದು ನಿಲ್ಲಿಸಿದರೆ ಉಳಿದವರೂ ತಮ್ಮ ನಾಯಿಗಳನ್ನು ತರುವರು.