ಹಾಸ್ಟೆಲ್ ಕೋಣೆಯಲ್ಲಿ ಮೈ ಗಟ್ಟಿಯಾಗಿಟ್ಟುಕೊಳ್ಳುವ ಬಗೆ



ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮ ಕಾಸರಗೋಡು ಕಡೆಯ ಅನೇಕ ಮನೆಗಳಿಂದ ಮಕ್ಕಳು ಹಾಸ್ಟೆಲಿಗೆ ಹೊರಡುತ್ತಾರೆ. ಪ್ಲಸ್ ಟು ಮುಗಿಸಿ ಕೆಲವರು ಮಂಗಳೂರಿಗೆ, ಕೆಲವರು ಕಣ್ಣೂರಿಗೆ, ಇನ್ನು ಕೆಲವರು ಬೆಂಗಳೂರಿಗೆ ಹೋಗುತ್ತಾರೆ. ತಾಯಂದಿರು ಉಪ್ಪಿನಕಾಯಿ, ಹಪ್ಪಳ, ಹೊದಿಕೆ ಎಲ್ಲವನ್ನೂ ಕಟ್ಟಿಕೊಡುತ್ತಾರೆ. ಆದರೆ ಮನೆಯಲ್ಲಿ ಆ ಮಕ್ಕಳ ಮೈಯನ್ನು ಗಟ್ಟಿಯಾಗಿಟ್ಟಿದ್ದ ಒಂದು ಸಂಗತಿ ಮಾತ್ರ ಪೆಟ್ಟಿಗೆಯೊಳಗೆ ಹೋಗುವುದಿಲ್ಲ. ಅದೇ ತೋಟದ ಕೆಲಸ.

ನಾವು ಸೆಮಿನರಿ ಸೇರಿದ ಮೊದಲ ವರ್ಷದ ರಜೆಯಲ್ಲಿ ಮನೆಗೆ ಬಂದಾಗ, ತಂದೆಯವರು ಎಂದಿನಂತೆ ಅಡಿಕೆ ತುಂಬಿದ ಹೆಡಿಗೆಯನ್ನು ನಮ್ಮ ತಲೆಗೆ ಎತ್ತಿಕೊಟ್ಟರು. ತೋಟದಿಂದ ಅಂಗಳಕ್ಕೆ ಏರುವ ಮೆಟ್ಟಿಲ ಅರ್ಧದಲ್ಲೇ ಏದುಸಿರು ಬಂದು ಹೆಡಿಗೆ ಇಳಿಸಬೇಕಾಯಿತು. ಹಿಂದಿನ ವರ್ಷ ಅದೇ ಹೆಡಿಗೆ ಹೊತ್ತು ಓಡಿದ್ದೆವು. ತಂದೆಯವರು ಏನೂ ಅನ್ನಲಿಲ್ಲ, ನಮಗೇ ನಾಚಿಕೆಯಾಯಿತು. ಆ ವರ್ಷದಲ್ಲಿ ನಮಗೆ ಯಾವ ಕಾಯಿಲೆಯೂ ಬಂದಿರಲಿಲ್ಲ. ಕುಳಿತು ಓದಿದ್ದೆವು, ಮನೆಯಲ್ಲಿ ಉಣ್ಣುತ್ತಿದ್ದಷ್ಟೇ ಉಂಡಿದ್ದೆವು, ಅಷ್ಟೇ.

ಮೈಯಲ್ಲಿ ಆಗುವುದೇನು?

ಮನೆಯಲ್ಲಿರುವ ಹುಡುಗ ಹುಲ್ಲು ಹೆರೆಯುತ್ತಾನೆ, ಸೊಪ್ಪಿನ ಹೊರೆ ಹೊರುತ್ತಾನೆ. ಹುಡುಗಿ ನೀರು ಸೇದುತ್ತಾಳೆ, ಹಟ್ಟಿ ಗುಡಿಸುತ್ತಾಳೆ. ಇಬ್ಬರೂ ಗುಡ್ಡ ಹತ್ತಿಳಿದು ಬಸ್ಸಿಗೆ ಹೋಗುತ್ತಾರೆ. ಇದನ್ನು ಯಾರೂ ವ್ಯಾಯಾಮ ಎಂದು ಕರೆಯುವುದಿಲ್ಲ, ಆದರೆ ಸ್ನಾಯುಗಳಿಗೆ ಅದು ವ್ಯಾಯಾಮವೇ. ಹಾಸ್ಟೆಲಿಗೆ ಹೋದ ಮೇಲೆ ಈ ಕೆಲಸವೆಲ್ಲ ನಿಲ್ಲುತ್ತದೆ, ತಟ್ಟೆಯ ಅನ್ನ ಮಾತ್ರ ಮೊದಲಿನಷ್ಟೇ ಇರುತ್ತದೆ.

ದುಡಿಯುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಅದು ಸುಮ್ಮನಿದ್ದರೆ ಹೆಚ್ಚಾದ ಆಹಾರ ಕೊಬ್ಬಾಗಿ ಕೂಡುತ್ತದೆ. ಮೀನಖಂಡದ ಸ್ನಾಯು ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪಿನ ಹಾಗೆ. ಗಂಟೆಗಟ್ಟಲೆ ಕುಳಿತರೆ ಆ ಪಂಪು ನಿಂತಂತೆ. ಎಲುಬಿನ ವಿಷಯವೂ ಇದೆ. ಮನುಷ್ಯನ ಎಲುಬು ಸುಮಾರು 30 ವಯಸ್ಸಿನೊಳಗೆ ತನ್ನ ಪೂರ್ಣ ಗಟ್ಟಿತನಕ್ಕೆ ಬರುತ್ತದೆ. ಹಾಸ್ಟೆಲಿನ ವರ್ಷಗಳು ಎಲುಬಿಗೆ ಗೊಬ್ಬರ ಹಾಕುವ ವರ್ಷಗಳು. ಆ ಹಂಗಾಮು ತಪ್ಪಿದರೆ ಮತ್ತೆ ಸಿಗುವುದಿಲ್ಲ.

ಎಷ್ಟು ಬೇಕು?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸಲಹೆಯಂತೆ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮ ಬೇಕು. ಜೊತೆಗೆ ವಾರದಲ್ಲಿ 2 ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕು. 17 ವಯಸ್ಸಿನವರೆಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಸಾಧಾರಣ ಶ್ರಮವೆಂದರೆ ಮಾತನಾಡಲು ಸಾಧ್ಯ, ಆದರೆ ಹಾಡಲು ಉಸಿರು ಸಾಲದು ಎಂಬಷ್ಟು. ಕಾಲೇಜಿಗೆ ಹೋಗುವಾಗ 15 ನಿಮಿಷ, ಬರುವಾಗ 15 ನಿಮಿಷ ಬಿರುಸಾಗಿ ನಡೆದರೆ 5 ದಿನಕ್ಕೆ 150 ನಿಮಿಷ ತುಂಬುತ್ತದೆ. ದುಡ್ಡು ಕೊಟ್ಟು ಸೇರುವ ಜಿಮ್ ಇಲ್ಲದೆಯೂ ಆಗುವ ಲೆಕ್ಕವಿದು.

ಚಾಪೆಯಷ್ಟು ಜಾಗ ಸಾಕು

ಮಂಚದ ಪಕ್ಕದಲ್ಲಿ ಒಂದು ಚಾಪೆ ಹಾಸುವಷ್ಟು ಜಾಗವಿದ್ದರೆ ಈ ಕೆಳಗಿನವುಗಳನ್ನು ಸೋಮವಾರ, ಬುಧವಾರ, ಶುಕ್ರವಾರ ಮಾಡಬಹುದು. ಎಲ್ಲ ಸೇರಿ 20 ನಿಮಿಷ. ಮೊದಲು 3 ನಿಮಿಷ ನಿಂತಲ್ಲೇ ನಡೆದು, ಭುಜ ತಿರುಗಿಸಿ ಮೈ ಬೆಚ್ಚಗೆ ಮಾಡಿಕೊಳ್ಳಬೇಕು.

1. ಬಸ್ಕಿ: ಪಾದಗಳನ್ನು ಭುಜದಷ್ಟು ಅಗಲಿಸಿ, ಹಿಮ್ಮಡಿ ನೆಲಕ್ಕೂರಿ, ಸ್ಟೂಲಿನ ಮೇಲೆ ಕುಳಿತುಕೊಳ್ಳುವಂತೆ ಇಳಿದು ಏಳಬೇಕು. ಮೊದಲ ವಾರ ಅರ್ಧ ಇಳಿದರೆ ಸಾಕು. 10 ಸಲ.

2. ದಂಡ: ಹಿಂದೆ ಗರಡಿಮನೆಯಲ್ಲಿ ಹೊಡೆಯುತ್ತಿದ್ದುದೇ. ನೆಲದ ಮೇಲೆ ಆಗದವರು ಗೋಡೆಗೆ ಕೈಯೂರಿ ಆರಂಭಿಸಲಿ, ಅನಂತರ ಅಲುಗಾಡದ ಮೇಜಿಗೆ ಊರಿ, ಕೊನೆಗೆ ನೆಲಕ್ಕೆ ಬರಲಿ. 8 ಸಲ.

3. ಚೀಲ ಎಳೆಯುವುದು: ಪುಸ್ತಕ ತುಂಬಿದ ಚೀಲ ಹಿಡಿದು, ಬೆನ್ನು ನೇರವಾಗಿಟ್ಟು, ಸೊಂಟದಿಂದ ಮುಂದಕ್ಕೆ ಬಾಗಿ, ಚೀಲವನ್ನು ಹೊಟ್ಟೆಯ ಕಡೆಗೆ ಎಳೆಯಬೇಕು. ನೀರು ಸೇದುವಾಗ ದುಡಿಯುವ ಬೆನ್ನು, ತೋಳುಗಳೇ ಇಲ್ಲಿಯೂ ದುಡಿಯುತ್ತವೆ. ಭಾರ ಸಾಲದಿದ್ದರೆ ನೀರಿನ ಬಾಟಲಿ ಸೇರಿಸಿ. 1 ಲೀಟರ್ ನೀರು 1 ಕಿಲೋ. 10 ಸಲ.

4. ಸೊಂಟ ಎತ್ತುವುದು: ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟವನ್ನು ಮೇಲೆತ್ತಿ ಇಳಿಸುವುದು. ಕುಳಿತು ಕುಳಿತು ಬೆನ್ನು ಹಿಡಿದವರಿಗೆ ಇದು ಒಳ್ಳೆಯದು. 10 ಸಲ.

5. ಹಲಗೆಯಂತೆ ನಿಲ್ಲುವುದು: ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ಹಲಗೆಯ ಹಾಗೆ ನೇರವಾಗಿ ಹಿಡಿಯುವುದು. 15 ಸೆಕೆಂಡಿನಿಂದ ಆರಂಭಿಸಿ.

6. ಹಿಮ್ಮಡಿ ಎತ್ತುವುದು: ಗೋಡೆ ಹಿಡಿದು ಬೆರಳ ಮೇಲೆ ನಿಂತು ಇಳಿಯುವುದು. 15 ಸಲ.

ಈ ಆರನ್ನೂ ಒಂದು ಸುತ್ತು ಮಾಡಿ, 2 ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು ಮಾಡಿ. ಉಸಿರು ಕಟ್ಟಿ ಹಿಡಿಯಬಾರದು. ಏಳುವಾಗ, ಎತ್ತುವಾಗ ಉಸಿರು ಹೊರಗೆ ಬಿಡಬೇಕು. ಧುಮುಕುವ ವ್ಯಾಯಾಮ ಬೇಡ, ಕೆಳಗಿನ ಕೋಣೆಯವರ ನಿದ್ದೆ ಕೆಡುತ್ತದೆ. ಓದುವಾಗ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಲಿಫ್ಟ್ ಇದ್ದರೂ ಮೆಟ್ಟಿಲು ಹತ್ತಿರಿ.

ಹನಿ ನೀರಾವರಿಯ ಪಾಠ

ಹೆಚ್ಚಿನವರು ಸೋಲುವುದು ಮೊದಲ ವಾರದಲ್ಲೇ. ಮೊದಲ ದಿನ 100 ಬಸ್ಕಿ ಹೊಡೆದು, ಮರುದಿನ ಮೆಟ್ಟಿಲಿಳಿಯಲಾಗದೆ, ಅಲ್ಲಿಗೇ ಬಿಡುತ್ತಾರೆ. ಅಡಿಕೆ ಸಸಿಗೆ ತಿಂಗಳಿಗೊಮ್ಮೆ ಕೆರೆಯ ನೀರನ್ನೆಲ್ಲ ಸುರಿದರೆ ಅದು ಬದುಕುವುದಿಲ್ಲ, ಹನಿ ಹನಿಯಾಗಿ ಕೊಟ್ಟರೆ ಬೇರು ಹಿಡಿಯುತ್ತದೆ. ಮೈಯೂ ಹಾಗೆಯೇ. ವಾರಕ್ಕೆ 1 ಅಥವಾ 2 ಸಲ ಮಾತ್ರ ಹೆಚ್ಚಿಸುತ್ತಾ ಹೋಗಿ. ಸ್ನಾಯು ಬೆಳೆಯುವುದು ವಿಶ್ರಾಂತಿಯಲ್ಲಿ. ಆದ್ದರಿಂದಲೇ ನಡುವೆ ಒಂದು ದಿನ ಬಿಡಬೇಕೆಂದು ಹೇಳಿದ್ದು. ಕೋಣೆಯ ಗೆಳೆಯರನ್ನೂ ಸೇರಿಸಿಕೊಳ್ಳಿ, ಒಬ್ಬನಿಗೆ ಸೋಮಾರಿತನ ಬಂದ ದಿನ ಇನ್ನೊಬ್ಬ ಎಬ್ಬಿಸುತ್ತಾನೆ.

ಊಟ, ನಿದ್ದೆ

ನಮ್ಮ ದೇಶದ ಪೋಷಣಾ ತಜ್ಞರ 2020ರ ಶಿಫಾರಸಿನಂತೆ ದೊಡ್ಡವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಹಿಡಿ ನೆಲಗಡಲೆಯಲ್ಲಿ ಸುಮಾರು 7 ಗ್ರಾಂ ಇರುತ್ತದೆ. ಬೇಳೆ, ಮೊಸರು, ಮೀನು, ನೆನೆಸಿದ ಹೆಸರುಕಾಳು ಸೇರಿದರೆ ಲೆಕ್ಕ ತುಂಬುತ್ತದೆ. ಮನೆಯಿಂದ ಕಳುಹಿಸುವ ಡಬ್ಬಿಯಲ್ಲಿ ಚಕ್ಕುಲಿ ಕಡಿಮೆ ಮಾಡಿ, ಹುರಿದ ಕಡಲೆ ಹೆಚ್ಚು ಹಾಕಿ. ರಾತ್ರಿ 7 ಗಂಟೆಯಾದರೂ ನಿದ್ದೆ ಬೇಕು. ಮೊಬೈಲು ದಿಂಬಿನ ಕೆಳಗಿದ್ದರೆ ಅದು ಆಗದ ಮಾತು.

ಎಚ್ಚರಿಕೆ

ಜ್ವರವಿದ್ದಾಗ ವ್ಯಾಯಾಮ ಬೇಡ. ಎದೆನೋವು, ತಲೆಸುತ್ತು, ಎಂದಿಲ್ಲದ ಉಬ್ಬಸ ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಹೃದ್ರೋಗ, ಆಸ್ತಮಾ ಇರುವವರು ಮೊದಲೇ ಕೇಳಿಕೊಳ್ಳಲಿ. ಹೆಣ್ಣುಮಕ್ಕಳು ಮುಟ್ಟಿನ ದಿನಗಳಲ್ಲೂ, ಮೈ ಒಪ್ಪಿದರೆ, ಲಘುವಾಗಿ ಮಾಡಬಹುದು. ಸದಾ ಸುಸ್ತಿದ್ದರೆ ಅದು ಸೋಮಾರಿತನವೆಂದು ಬೈಯಬೇಡಿ, ರಕ್ತಹೀನತೆ ಇರಬಹುದು. ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಚಿಕಿತ್ಸೆ ಬೇಕು. ಬೇಗ ತೋಳು ದಪ್ಪವಾಗಲೆಂದು ಸ್ಟೀರಾಯ್ಡ್ ಗುಳಿಗೆ, ಇಂಜೆಕ್ಷನ್ ಕೊಡಿಸುವವರ ಹತ್ತಿರವೂ ಸುಳಿಯಬೇಡಿ. ಅವು ಪಿತ್ತಜನಕಾಂಗವನ್ನೂ ಹೃದಯವನ್ನೂ ಹಾಳುಮಾಡುತ್ತವೆ.

ತಂದೆತಾಯಿಗಳಿಗೆ ಒಂದು ಮಾತು. ಫೋನಿನಲ್ಲಿ ಮಾತನಾಡುವಾಗ "ಊಟ ಆಯಿತಾ? ಮಾರ್ಕು ಎಷ್ಟು ಬಂತು?" ಎಂದು ಕೇಳುತ್ತೀರಿ. ಜೊತೆಗೆ "ಇವತ್ತು ನಡೆದಿಯಾ?" ಎಂದೂ ಕೇಳಿ. ರಜೆಗೆ ಬಂದ ಮಗನನ್ನೋ ಮಗಳನ್ನೋ "ಪಾಪ, ಓದಿ ಸುಸ್ತಾಗಿದೆ" ಎಂದು ಕೂರಿಸಿಬಿಡಬೇಡಿ. ತೋಟಕ್ಕೆ ಕರೆದುಕೊಂಡು ಹೋಗಿ, ಮೊದಲ ದಿನ ಅರ್ಧ ಹೆಡಿಗೆ ಹೊರಿಸಿ. ನಾವು ಮರುವರ್ಷ ರಜೆಗೆ ಬಂದಾಗ ತುಂಬಿದ ಹೆಡಿಗೆಯನ್ನು ಅಂಗಳದವರೆಗೆ ತಂದಿಳಿಸಿದೆವು. ತಂದೆಯವರು ಆಗಲೂ ಏನೂ ಅನ್ನಲಿಲ್ಲ, ಎರಡನೆಯ ಹೆಡಿಗೆ ತುಂಬಿಸತೊಡಗಿದರು.