ಪೊದೆಯಲ್ಲಡಗಿದ ವೃಕ್ಷ: ಅಂಗಳದ ಹಳೆಯ ಗಿಡಕ್ಕೆ ಬೋನ್ಸಾಯ್ ಸಂಸ್ಕಾರ

ಹಳೆಯ ಆವರಣದ ಗೋಡೆಯನ್ನು ಕೆಡವಿ ಹೊಸದನ್ನು ಕಟ್ಟಲು ಹೊರಟಾಗ ಮೊದಲು ಕೊಡಲಿಗೆ ಬಲಿಯಾಗುವುದು ಗೋಡೆಯ ಬುಡದ ಕಾಗದದ ಹೂವಿನ ಗಿಡ. ಮುಳ್ಳುಳ್ಳದ್ದು, ಅಂಕೆಗೆ ಸಿಕ್ಕದ್ದು ಎಂದು ಅದನ್ನು ಕಿತ್ತು ಒಲೆಗೆ ಹಾಕುವುದು ರೂಢಿ. ಆದರೆ ಇಪ್ಪತ್ತು ಮೂವತ್ತು ವರ್ಷಗಳ ಬಿಸಿಲು ಮಳೆಗಳನ್ನುಂಡ ಆ ಬುಡದಲ್ಲಿ ಮುದಿಮರವೊಂದರ ಗಾಂಭೀರ್ಯ ಅಡಗಿರುತ್ತದೆ. ಅದನ್ನು ಕಂಡು ಹೊರತೆಗೆಯುವ ವಿದ್ಯೆಯೇ ಬೋನ್ಸಾಯ್. ಅದರ ಕ್ರಮವನ್ನು ಸಂಕ್ಷೇಪವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಶಬ್ದವಿಚಾರ

ಜಪಾನೀ ಭಾಷೆಯಲ್ಲಿ 'ಬೋನ್' ಎಂದರೆ ಆಳವಿಲ್ಲದ ತಟ್ಟೆಯಂಥ ಪಾತ್ರೆ, 'ಸಾಯ್' ಎಂದರೆ ನೆಡುವಿಕೆ. ಕನ್ನಡದಲ್ಲಿ ಇದನ್ನು ಕೆಲವರು ಕುಬ್ಜವೃಕ್ಷವೆಂದೂ ಕೆಲವರು ವಾಮನವೃಕ್ಷವೆಂದೂ ಕರೆಯುತ್ತಾರೆ. ಕುಬ್ಜ ಶಬ್ದಕ್ಕೆ ಗೂನುಬೆನ್ನಿನವನೆಂಬ ಅರ್ಥವುಂಟಾದ್ದರಿಂದ ಅದು ಊನವನ್ನು ಸೂಚಿಸುತ್ತದೆ. ವಾಮನನಾದರೋ ಆಕಾರದಲ್ಲಿ ಕಿರಿಯನೇ ಹೊರತು ಅಂಗಹೀನನಲ್ಲ. ಬೇರು, ಕಾಂಡ, ಕೊಂಬೆ, ಹೂ ಎಲ್ಲವೂ ಪೂರ್ಣವಾಗಿದ್ದು ಪ್ರಮಾಣ ಮಾತ್ರ ಕಿರಿದಾಗಿರುವ ಈ ಮರಕ್ಕೆ ವಾಮನವೃಕ್ಷವೆಂಬ ಹೆಸರೇ ಒಪ್ಪುವಂಥದು.

ಪೂರ್ವೇತಿಹಾಸ

ಈ ಕಲೆಯ ಮೂಲ ಚೀನಾ ದೇಶ. ಕ್ರಿ.ಶ. 706ರ ಕಾಲದ, ತಾಂಗ್ ವಂಶದ ರಾಜಕುಮಾರ ಜಾಂಗ್‌ಹುವಾಯಿಯ ಸಮಾಧಿಯ ಭಿತ್ತಿಚಿತ್ರದಲ್ಲಿ ಪುಟ್ಟ ಗಿಡಗಳಿರುವ ತಟ್ಟೆಯನ್ನು ಹಿಡಿದ ಪರಿಚಾರಕರು ಕಾಣುತ್ತಾರೆ. ಅಲ್ಲಿಂದ ಜಪಾನಿಗೆ ಹೋದ ವಿದ್ಯೆ ಅಲ್ಲಿ ಶಾಸ್ತ್ರವಾಗಿ ಬೆಳೆಯಿತು. 1923ರ ಭೀಕರ ಭೂಕಂಪದ ತರುವಾಯ ಟೋಕಿಯೋ ತೊರೆದ ಬೆಳೆಗಾರರು 1925ರಲ್ಲಿ ಓಮಿಯಾದಲ್ಲಿ ಬೋನ್ಸಾಯ್ ಗ್ರಾಮವನ್ನೇ ಸ್ಥಾಪಿಸಿದರು. ಬೆಟ್ಟಗಳಲ್ಲಿ ಸಹಜವಾಗಿ ಗಿಡ್ಡಾಗಿ ಬೆಳೆದ ಮರಗಳನ್ನು ತಂದು ಸಂಸ್ಕರಿಸುವುದಕ್ಕೆ ಜಪಾನೀಯರು 'ಯಮಾದೋರಿ' ಎನ್ನುತ್ತಾರೆ. ಅಂಗಳದ ಗಿಡವನ್ನು ಸಂಸ್ಕರಿಸುವುದು ಇದರ ಸೋದರ ಪದ್ಧತಿ. ಇದರಿಂದ ಕಾಡಿಗೆ ಹಾನಿಯಿಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ ಮೈಸೂರಿನ ಅವಧೂತ ದತ್ತಪೀಠದಲ್ಲಿಯೂ ವಾಮನವೃಕ್ಷಗಳ ಉದ್ಯಾನಗಳಿವೆ.

ಗಿಡದ ಗುಣದೋಷ

ಕಾಗದದ ಹೂವಿನ ಗಿಡ ದಕ್ಷಿಣ ಅಮೆರಿಕದಿಂದ ಬಂದದ್ದು. ಫ್ರೆಂಚ್ ನಾವಿಕ ಬೂಗನ್‌ವಿಲ್‌ನ ಹೆಸರಿನಿಂದ ಬೋಗನ್‌ವಿಲ್ಲೆ ಎನಿಸಿಕೊಂಡಿದೆ. ನಾವು ಹೂವೆಂದು ಮೆಚ್ಚುವ ಬಣ್ಣದ ದಳಗಳು ವಾಸ್ತವವಾಗಿ ಮಾರ್ಪಟ್ಟ ಎಲೆಗಳು. ನಿಜವಾದ ಹೂ ಅವುಗಳ ನಡುವಿನ ಸಣ್ಣ ಬಿಳಿಯ ನಳಿಗೆ. ಬುಡ ದಪ್ಪಗೆ ಬೆಳೆಯುವುದು, ಬಲಿತ ಕಾಂಡವನ್ನು ಕಡಿದರೂ ಚಿಗುರುವುದು ಇದರ ಗುಣಗಳು. ಬೇರು ಸೂಕ್ಷ್ಮ, ಕಡಿದ ಗಾಯ ಬೇಗ ಕೊಳೆಯುತ್ತದೆ ಎಂಬುವು ದೋಷಗಳು.

ಸಂಸ್ಕಾರ ಕ್ರಮ

ಮೊದಲನೆಯ ಕೆಲಸ ನೋಡುವುದು. ಬುಡದ ಮಣ್ಣನ್ನು ಕೈಯಿಂದ ಸರಿಸಿ, ಬೇರುಗಳು ಎಲ್ಲಿ ಹರಡಿಕೊಳ್ಳುತ್ತವೆಯೆಂದು ಪರೀಕ್ಷಿಸಬೇಕು. ನಾಲ್ಕು ಕಡೆಯಿಂದಲೂ ನಿರೀಕ್ಷಿಸಿ, ಬೇರಿನ ಹಿಡಿತವೂ ಕಾಂಡದ ಬಳುಕೂ ಚೆನ್ನಾಗಿ ಕಾಣುವ ಪಾರ್ಶ್ವವನ್ನು ಮುಖವೆಂದು ನಿಶ್ಚಯಿಸಬೇಕು. ಅಂದೇ ಕತ್ತರಿಯನ್ನು ಹಿಡಿಯಬಾರದು.

ಎರಡನೆಯದು ಕತ್ತರಿಸುವುದು. ಇದಕ್ಕೆ ಮುಂಗಾರಿನ ಆರಂಭ ಯೋಗ್ಯ ಕಾಲ. ಮರದ ಅಂತಿಮ ಎತ್ತರವು ಬುಡದ ದಪ್ಪದ ಸುಮಾರು 6ರಷ್ಟಿರಬೇಕೆಂಬುದು ಸಾಮಾನ್ಯ ನಿಯಮ. ಬುಡ 3 ಅಂಗುಲವಿದ್ದರೆ ಎತ್ತರ 18 ಅಂಗುಲ. ಕಾಂಡವನ್ನು ಇದಕ್ಕಿಂತ ಕೆಳಗೇ ಕತ್ತರಿಸಬೇಕು. ಉಳಿದ ಎತ್ತರವನ್ನು ಹೊಸ ಚಿಗುರು ತುಂಬಿಕೊಡುತ್ತದೆ. ಗಾಯವನ್ನು ನಯಗೊಳಿಸಿ ಬೋರ್ಡೋ ಮುಲಾಮು ಹಚ್ಚಬೇಕು.

ಮೂರನೆಯದು ಅಗೆಯುವುದು. ದಪ್ಪ ಬೇರುಗಳನ್ನು ಮೊಟಕುಗೊಳಿಸಿ, ನಾರುಬೇರುಗಳನ್ನು ಮಣ್ಣಿನ ಹೆಂಟೆಯೊಡನೆ ಉಳಿಸಿಕೊಂಡು, ತಳದಲ್ಲಿ ರಂಧ್ರಗಳಿರುವ ಅಗಲವಾದ ಮಣ್ಣಿನ ಕುಂಡದಲ್ಲಿ ನೆಡಬೇಕು. ಕೆಮ್ಮಣ್ಣಿಗೆ ದಪ್ಪ ಮರಳನ್ನೂ ಇಟ್ಟಿಗೆಯ ಚೂರನ್ನೂ ಧಾರಾಳವಾಗಿ ಬೆರೆಸಬೇಕು. ನೀರು ನಿಂತರೆ ಬೇರು ಕೊಳೆಯುತ್ತದೆ. ಚಿಗುರು ಬಲಿಯುವ ತನಕ ನೆರಳು ಬೇಕು, ಗೊಬ್ಬರ ಬೇಡ.

ನಾಲ್ಕನೆಯದು ತಿದ್ದುವುದು. ಎರಡನೆಯ ವರ್ಷ ಬೇಕಾದ ಕೊಂಬೆಗಳನ್ನು ಮಾತ್ರ ಉಳಿಸಿ, ಕೊಂಬೆಯ ದಪ್ಪದ ಮೂರನೆಯ ಒಂದರಷ್ಟಿರುವ ಅಲ್ಯೂಮಿನಿಯಂ ತಂತಿಯನ್ನು ಓರೆಯಾಗಿ ಸುತ್ತಿ ಮೆಲ್ಲಗೆ ಬಾಗಿಸಬೇಕು. ಎಳೆಯ ಕೊಂಬೆ ಬಾಗುತ್ತದೆ, ಬಲಿತದ್ದು ಮುರಿಯುತ್ತದೆ. ತಂತಿ ತೊಗಟೆಯೊಳಗೆ ಹೂತುಕೊಳ್ಳುವ ಮೊದಲೇ ಬಿಚ್ಚಬೇಕು. ಮೂರನೆಯ ವರ್ಷದ ಹೊತ್ತಿಗೆ ತಟ್ಟೆಕುಂಡಕ್ಕೆ ಏರಿಸಬಹುದು. ಕುಂಡದ ಉದ್ದ ಮರದ ಎತ್ತರದ ಮೂರನೆಯ ಎರಡರಷ್ಟು, ಆಳ ಬುಡದ ದಪ್ಪದಷ್ಟು ಇದ್ದರೆ ಚೆನ್ನ. ಆಮೇಲೆ ತುಂಬು ಬಿಸಿಲಿನಲ್ಲಿರಿಸಿ, ನೀರನ್ನು ಕೊಂಚ ಬಿಗಿಹಿಡಿದರೆ ಗಿಡವು ಹೂವಿಗೆ ತೊಡಗುತ್ತದೆ.

ಶಂಕೆ ಮತ್ತು ಸಮಾಧಾನ

ಬೆಳೆಯಬೇಕಾದ ಜೀವವನ್ನು ಕತ್ತರಿಸಿ, ಕಟ್ಟಿ, ಕುಗ್ಗಿಸುವುದು ಹಿಂಸೆಯಲ್ಲವೇ ಎಂಬ ಶಂಕೆ ಸಹಜವಾಗಿಯೇ ಉದಿಸುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ವಾಮನವೃಕ್ಷವು ಉಪವಾಸದಿಂದ ಕಿರಿದಾಗುವುದಿಲ್ಲ. ಉಪವಾಸ ಕೆಡವಿದ ಗಿಡ ಸಾಯುತ್ತದೆ. ಅದಕ್ಕೆ ನೀರು, ಬಿಸಿಲು, ಪೋಷಣೆಗಳು ತಪ್ಪದೆ ಸಲ್ಲುತ್ತವೆ. ಎರಡು ಮೂರು ವರ್ಷಗಳಿಗೊಮ್ಮೆ ಬೇರನ್ನು ಸವರಿ ಹೊಸ ಮಣ್ಣನ್ನು ಕೊಡುವುದರಿಂದ ಹೊಸ ನಾರುಬೇರುಗಳು ಹುಟ್ಟುತ್ತವೆ.

ಇದಕ್ಕೆ ದೃಷ್ಟಾಂತ ಜಪಾನಿನ ಯಮಾಕಿ ಮನೆತನದ ಬಿಳಿ ಪೈನ್ ಮರ. 1625ರಿಂದ ಸಂಸ್ಕಾರ ಪಡೆದುಕೊಂಡು ಬಂದ ಈ ಮರ, 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದಾಗ ಅಲ್ಲಿಂದ ಸುಮಾರು 3 ಕಿಲೋಮೀಟರ್ ದೂರದ ತೋಟದಲ್ಲಿ, ಗೋಡೆಯ ಮರೆಯಲ್ಲಿದ್ದು ಉಳಿಯಿತು. 1976ರಲ್ಲಿ ಆ ಮನೆತನದ ಮಸಾರು ಯಮಾಕಿಯವರು ಅದನ್ನು ಅಮೆರಿಕಕ್ಕೆ ಕಾಣಿಕೆಯಾಗಿ ಕೊಟ್ಟರು. ವಾಷಿಂಗ್ಟನ್ನಿನ ರಾಷ್ಟ್ರೀಯ ವೃಕ್ಷೋದ್ಯಾನದಲ್ಲಿ ಅದು ಇಂದಿಗೂ ಜೀವಂತವಾಗಿದೆ. ಹಿಂಸೆಗೊಳಗಾದ ಜೀವ ನಾಲ್ಕು ಶತಮಾನ ಬಾಳಲಾರದು.

ಹಾಗಾದರೆ ಹಿಂಸೆಯಿರುವುದು ಎಲ್ಲಿ? ಆತುರದಲ್ಲಿ. ಬಲಿತ ಕೊಂಬೆಯನ್ನು ಒಂದೇ ದಿನ ಬಾಗಿಸಹೊರಡುವುದು, ಕಟ್ಟಿದ ತಂತಿಯನ್ನು ಮರೆತುಬಿಡುವುದು, ಗಿಡದ ಸಹಜವಾದ ಓಲನ್ನು ಗಮನಿಸದೆ ನಮ್ಮ ಕಲ್ಪನೆಯ ಆಕಾರವನ್ನು ಹೇರುವುದು ಹಿಂಸೆ. ಓಲಿ ಬೆಳೆದದ್ದನ್ನು ಓಲುಮರವಾಗಿ, ಇಳಿಬಿದ್ದದ್ದನ್ನು ಜಲಪಾತದಂತೆ ಇಳಿಯುವ ಮರವಾಗಿ ತಿದ್ದುವುದೇ ಶಾಸ್ತ್ರಸಮ್ಮತ. ಅಧ್ಯಾಪನ ವೃತ್ತಿಯಲ್ಲಿರುವವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಶಾಲೆಗಳಲ್ಲಿ ಗೋಡೆ, ಕೊಠಡಿಗಳ ಕೆಲಸ ಹಿಡಿಯುವ ಮುನ್ನ ಅಲ್ಲಿಯ ಹಳೆಯ ಗಿಡಗಳನ್ನೊಮ್ಮೆ ನೋಡಿ, ಯೋಗ್ಯವಾದ ಒಂದೆರಡನ್ನು ಉಳಿಸಿಕೊಳ್ಳುವುದು ಉಚಿತ. ಅಂಥ ಗಿಡವನ್ನು ಎಂಟನೆಯ ತರಗತಿಯ ಮಕ್ಕಳ ವಶಕ್ಕೆ ಕೊಟ್ಟರೆ, ಅವರು ಹತ್ತನೆಯ ತರಗತಿ ಮುಗಿಸಿ ಹೊರಡುವ ವೇಳೆಗೆ ಅದು ತಟ್ಟೆಕುಂಡವನ್ನೇರಿ, ಮುಂದಿನ ತಂಡದ ಕೈಗೆ ಒಪ್ಪಿಸಲು ಸಿದ್ಧವಾಗಿರುತ್ತದೆ. ಹೆಚ್ಚಿನ ವೆಚ್ಚವೇನೂ ಇದಕ್ಕಿಲ್ಲ. ಒಂದು ಕುಂಡ, ಕೊಂಚ ತಂತಿ, ಮತ್ತು ಬೇಸಗೆಯ ರಜೆಯಲ್ಲೂ ತಪ್ಪದೆ ನೀರೆರೆಯುವ ಒಬ್ಬ ಜವಾಬ್ದಾರಿಯ ವ್ಯಕ್ತಿ ಇದ್ದರೆ ಸಾಕು.