ಮೀನು ತಿನ್ನುವವರಿಗೂ ನಾತ ನಾತವೇ

ಪ್ರಶ್ನೆ: ಮೇಡಂ, ನಮ್ಮದು ಕಡಲ ಬದಿಯ ಮನೆ. ಮನೆಗೂ ಹೆದ್ದಾರಿಗೂ ನಡುವೆ ಒಂದು ಫಿಶ್ ಮೀಲ್ ಫ್ಯಾಕ್ಟರಿ ಇದೆ. ರಾತ್ರಿ ಎಂಟು ದಾಟಿದರೆ ನಾತ ಶುರು. ಮಾವನಿಗೆ ಊಟ ಸೇರುವುದಿಲ್ಲ, ಮಗಳು ಸೆಖೆಯಲ್ಲೂ ಕಿಟಕಿ ಮುಚ್ಚಿ ಓದಬೇಕು. ಹೇಳಿದರೆ ಧಣಿಗಳು, "ಎಲ್ಲಿ ವಾಸನೆ? ನಮಗೇನೂ ಗೊತ್ತಾಗುವುದಿಲ್ಲವಲ್ಲ" ಎನ್ನುತ್ತಾರೆ. ದೂರು ಕೊಟ್ಟೆವು. ಅಧಿಕಾರಿಗಳು ಮಧ್ಯಾಹ್ನ ಬಂದು, ಏನೂ ಇಲ್ಲವೆಂದು ಹೋದರು. ಪಕ್ಕದ ಮನೆಯ ಅಕ್ಕ ಕೆಲಸಕ್ಕೆ ಹೋಗುವುದು ಅಲ್ಲಿಗೇ. ಅಂದಿನಿಂದ ಅವರು ಮಾತು ಬಿಟ್ಟಿದ್ದಾರೆ. "ಮೀನು ತಿನ್ನುವವರಿಗೆ ಮೀನಿನ ವಾಸನೆ ಆಗುವುದಿಲ್ಲವಾ" ಎಂದು ಊರವರ ನಗೆ ಬೇರೆ. ಸಹಿಸಿಕೊಂಡೇ ಇರಬೇಕಾ?
— ಓದುಗಿ, ಉಡುಪಿ ಜಿಲ್ಲೆ

ಉತ್ತರ: ಬೇಡ, ಸಹಿಸಬೇಕಾಗಿಲ್ಲ. ಮೊದಲು ಆ ನಗೆಯನ್ನು ತಲೆಯಿಂದ ತೆಗೆದುಹಾಕಿ. ತಾಜಾ ಬೂತಾಯಿ ನಾರುವುದಿಲ್ಲವೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಐಸ್ ಸಾಲದೆ ಮೀನು ಕೆಡತೊಡಗಿದಾಗ ಬ್ಯಾಕ್ಟೀರಿಯಾಗಳಿಂದ ಟ್ರೈಮಿಥೈಲಮೈನ್ ಎಂಬ ಅನಿಲ ಹುಟ್ಟುತ್ತದೆ. ಗಾಳಿಯಲ್ಲಿ ಲೇಶಮಾತ್ರ ಇದ್ದರೂ ಮೂಗಿಗೆ ಬಡಿಯುವಂಥದ್ದು ಅದು. ಅಂಥ ಮೀನನ್ನು ಬೇಯಿಸಿ, ಹಿಂಡಿ, ಒಣಗಿಸುವಾಗ ಏಳುವ ಹಬೆಯನ್ನು ಹಾಗೇ ಹೊರಗೆ ಬಿಟ್ಟರೆ ಊರಿಡೀ ನಾತ. ನಿಮ್ಮ ತಕರಾರು ಮೀನಿನ ಮೇಲಲ್ಲ, ಕೆಟ್ಟ ಮೀನು ಮತ್ತು ಬಿಟ್ಟ ಹಬೆಯ ಮೇಲೆ.

ಧಣಿಗಳು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ದಿನವಿಡೀ ಅಲ್ಲಿರುವ ಅವರಿಗೆ, ನಿಮ್ಮ ಅಕ್ಕನಿಗೆ, ಅದು ನಿಜಕ್ಕೂ ಗೊತ್ತಾಗದಿರಬಹುದು. ಧಣಿಗಳು ಪೇಟೆಗೆ ಹೋಗಿ ಬಂದ ದಿನ, ಫ್ಯಾಕ್ಟರಿಯೊಳಗೆ ಕಾಲಿಡುವ ಮೊದಲು, ರಾತ್ರಿ ಒಂಬತ್ತಕ್ಕೆ ನಿಮ್ಮ ಚಾವಡಿಗೆ ಕರೆಯಿರಿ. ವಾದಕ್ಕಿಂತ ಇದು ಮೇಲು.

ಅಧಿಕಾರಿಗಳ ಮೂಗಿಗೆ ಏನೂ ಸಿಗದ್ದಕ್ಕೂ ಕಾರಣವಿದೆ. ಹಗಲಿಗೆ ಗಾಳಿ ಕಡಲಿನಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ. ಫ್ಯಾಕ್ಟರಿ ನಿಮಗೆ ಮೂಡಲ ದಿಕ್ಕಿಗಿರುವುದರಿಂದ ಮಧ್ಯಾಹ್ನದ ನಾತ ಹೆದ್ದಾರಿಯ ಕಡೆ ಹೋಗುತ್ತದೆ, ರಾತ್ರಿಯದ್ದು ನಿಮ್ಮ ಮನೆಗೆ ಬರುತ್ತದೆ. ಮುಂದಿನ ದೂರಿನಲ್ಲಿ ಇದನ್ನೇ ಬರೆದು, ರಾತ್ರಿ ಬಂದು ನೋಡುವಂತೆ ಕೇಳಿ. ದೂರಿಗೆ ಬಲ ಬರಬೇಕಾದರೆ ಒಂದು ನೋಟ್ ಪುಸ್ತಕ ಇಡಿ: ತಾರೀಕು, ಗಂಟೆ, ಗಾಳಿಯ ದಿಕ್ಕು, ಆ ಹೊತ್ತಿಗೆ ಮೀನಿನ ಲಾರಿ ಬಂದಿತ್ತೇ. ದೇಶದ ಗಾಳಿಯ ಗುಣಮಟ್ಟಕ್ಕೆಂದು 2009ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ 12 ಮಾಲಿನ್ಯಕಾರಕಗಳಿವೆ, ಅದರಲ್ಲಿ ಮೀನಿನ ನಾತ ಇಲ್ಲ. ಮೀಟರಿನಲ್ಲಿ ಅಳೆದು ತೀರ್ಮಾನಿಸುವ ವಿಷಯ ಅಲ್ಲದ ಕಾರಣ ನಾಲ್ಕಾರು ಮನೆಯವರ ಬರಹವೇ ಸಾಕ್ಷಿ.

ಫ್ಯಾಕ್ಟರಿ ನಡೆಸಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಬೇಕು. ಅದರ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿ. ಹಾಕಿರುವ ಷರತ್ತುಗಳು ಅದರಲ್ಲೇ ಇರುತ್ತವೆ. ಹಬೆಯನ್ನು ತಣಿಸಿ, ಆಮ್ಲ ಬೆರೆಸಿದ ನೀರಿನಲ್ಲಿ ತೊಳೆದು ಬಿಟ್ಟರೆ ನಾತ ಬಹಳ ಇಳಿಯುತ್ತದೆ. (ಮೀನು ತೊಳೆಯುವಾಗ ನೀವು ಹುಣಸೆಹುಳಿ ಹಾಕಿ ಉಜ್ಜುವುದೂ ಇದೇ ರಸಾಯನಶಾಸ್ತ್ರ.) ಹೀಗೆ ತೊಳೆಯುವ ಯಂತ್ರ ಇದ್ದೂ ಕರೆಂಟ್ ಖರ್ಚಿಗೆ ಹೆದರಿ ರಾತ್ರಿ ನಿಲ್ಲಿಸುವವರಿದ್ದಾರೆ, ಅದನ್ನೂ ಗಮನಿಸಿ. ಮಂಡಳಿಯೂ ಅಲುಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ, ಸಾರ್ವಜನಿಕ ಉಪದ್ರವವೆಂದು ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಹಾಕಬಹುದು. ಹಳೆಯ ಕಾನೂನಿನಲ್ಲಿ ಇದರ ಜಾಗದಲ್ಲಿದ್ದ 133ನೇ ಕಲಮಿನ ಬಲದಿಂದಲೇ ಮಧ್ಯಪ್ರದೇಶದ ರತ್ಲಾಮಿನ ಜನ ಚರಂಡಿಯ ದುರ್ನಾತದ ವಿರುದ್ಧ ಹೋರಾಡಿ, 1980ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ದುಡ್ಡಿಲ್ಲವೆಂಬ ಪುರಸಭೆಯ ನೆಪವನ್ನು ಕೋರ್ಟ್ ಒಪ್ಪಲಿಲ್ಲ.

ಇಷ್ಟೆಲ್ಲಕ್ಕಿಂತ ಮೊದಲು ಅಕ್ಕನ ಮನೆಗೆ ಹೋಗಿ. ಅವರು ಮುನಿದದ್ದು ನಿಮ್ಮ ಮೇಲಲ್ಲ, ಸಂಬಳ ಹೋದೀತೆಂಬ ಹೆದರಿಕೆಯಿಂದ. "ಫ್ಯಾಕ್ಟರಿ ಮುಚ್ಚಿಸಲು ಹೊರಟಿಲ್ಲಕ್ಕ, ಹಬೆ ತೊಳೆದು ಬಿಡಲಿ ಅಂತಷ್ಟೇ" ಎಂದು ನೇರವಾಗಿ ಹೇಳಿ. ದೂರಿನಲ್ಲೂ "ಮುಚ್ಚಿಸಿ" ಎಂಬ ಮಾತು ಬರಕೂಡದು. ಆ ಒಂದು ಮಾತು ಬಂದರೆ ಅಲ್ಲಿ ದುಡಿಯುವ ಪ್ರತಿ ಮನೆಯೂ ನಿಮಗೆ ಎದುರಾಗುತ್ತದೆ, ಬಾರದಿದ್ದರೆ ಆ ಮನೆಗಳ ಸಹಿಯೂ ಸಿಗಬಹುದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಆಗ ಫ್ಯಾಕ್ಟರಿಗೂ ಕೆಲಸ ಕಡಿಮೆ, ಯಂತ್ರ ಬಿಚ್ಚಿ ರಿಪೇರಿ ಮಾಡಿಸಲು ಧಣಿಗಳಿಗೂ ಪುರುಸೊತ್ತು. ಅವರನ್ನು ಮಾತಿಗೆ ಕೂರಿಸುವುದಿದ್ದರೆ ಆ ಎರಡು ತಿಂಗಳೊಳಗೇ ಕೂರಿಸಿ, ಒಪ್ಪಿದ್ದನ್ನು ಕಾಗದದಲ್ಲಿ ಬರೆಸಿಕೊಳ್ಳಿ.